ರಂಗದ ಹಿಂದಿನ ಮನೆ

ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಕೀಲಿಕೈ ಎಂಬ ಅಡ್ಡಹೆಸರಿನವನು ತನ್ನ ಅಕ್ಕನ ಮನೆಯ ಹಜಾರದಲ್ಲಿ ಕಪಾಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಅದನ್ನು ಹಿಂಬಾಗಿಲಿಗೆ ಅಡ್ಡವಾಗಿ ನೂಕುತ್ತಿದ್ದ. ಒಳಗಿದ್ದ ಪಿಂಗಾಣಿ ತಟ್ಟೆಗಳು ಜೀವಭಯದಿಂದ ಕಿಣಿಕಿಣಿ ಎನ್ನುತ್ತಿದ್ದವು. ನೆಲದ ಮೇಲೆ ಉದ್ದಕ್ಕೆ ಎರಡು ಗೀರು ಬಿದ್ದವು. ಅವನು ಬಾಗಿಲ ಬಳಿಯಿದ್ದ ಚಾಪೆಯನ್ನು ಕಾಲಿನಿಂದಲೇ ಎಳೆದು ಗೀರುಗಳ ಮೇಲೆ ಮುಚ್ಚಿದ.

"ಅಲ್ಲ ಕಣೋ, ಬಾಗಿಲು ಇರೋದು ಗಾಳಿ ಬರೋಕೆ. ಅದಕ್ಕೆ ಕಪಾಟು ಅಡ್ಡ ಇಡೋ ಬುದ್ಧಿ ನಿನಗೆ ಯಾರು ಕೊಟ್ರು?" ಎಂದಳು ಅಕ್ಕ, ಸೌಟು ಹಿಡಿದು ಅಡುಗೆಮನೆಯಿಂದ ಬಂದು.

"ನಿನಗೆ ಮನೆ ಮಾರ್ಬೇಕೋ, ಗಾಳಿ ತಗೋಬೇಕೋ?"

"ಮನೆ ಮಾರೋ ತನಕ ಗಾಳಿ ತಗೋಬಾರ್ದಾ?"

ಅವನು ಮನೆ ದಲ್ಲಾಳಿ. ಸೊಂಟದಲ್ಲಿ ಸದಾ ಖಾಲಿ ಮನೆಗಳ ಕೀಲಿ ಗೊಂಚಲು ನೇತಾಡುತ್ತಿದ್ದುದರಿಂದ ಊರೆಲ್ಲ ಅವನನ್ನು ಕೀಲಿಕೈ ಎಂದೇ ಕರೆಯುತ್ತಿತ್ತು. ಗೊಂಚಲು ದೊಡ್ಡದಿತ್ತು ಎಂದರೆ ಅವನ ಪಾಲಿನ ಮನೆಗಳು ಮಾರಾಟವಾಗುತ್ತಿರಲಿಲ್ಲ ಎಂದೇ ಅರ್ಥ. ಹಾಗೆಂದು ಅವನಿಗೆ ಕಸುಬು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗಿರಾಕಿ ಬರುವ ಮೊದಲೇ ನಲ್ಲಿಗಳನ್ನೆಲ್ಲ ಬಿಟ್ಟು ಕೆಂಪು ನೀರು ಹರಿಸಿಬಿಡುವುದು, ಗೋಡೆ ಬಿರುಕು ಬಿಟ್ಟ ಕಡೆ ತಾನೇ ಒರಗಿ ನಿಂತು ಮಾತಾಡುವುದು, ಕತ್ತಲೆ ಕೋಣೆಯನ್ನು ತಂಪಾದ ಕೋಣೆ ಎನ್ನುವುದು, ಇವೆಲ್ಲ ಅವನಿಗೆ ಅಂಗೈ ಮೇಲಿನ ಗೆರೆ. ಆದರೆ ಬಾಯಿ ಮಾತ್ರ ಅವನ ಕೈಯಲ್ಲಿರಲಿಲ್ಲ. ಬೇಕಿಲ್ಲದ ಕಡೆಯೂ ಒಂದು ಸುಳ್ಳು ಹೇಳಿ ಸಿಕ್ಕಿಹಾಕಿಕೊಳ್ಳುತ್ತಿದ್ದ.

ಅಕ್ಕನ ಮನೆಯಲ್ಲಿ ಬಿರುಕೂ ಇರಲಿಲ್ಲ, ಕೆಂಪು ನೀರೂ ಇರಲಿಲ್ಲ. ಇದ್ದದ್ದು ಒಂದೇ ತೊಂದರೆ. ಮನೆ ದಿಬ್ಬದ ಮೇಲಿತ್ತು. ಹಿಂಬದಿಯ ಬಾಲ್ಕನಿಯ ಕೆಳಗೆ, ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ ಊರಿನ ಬಯಲು ರಂಗಮಂದಿರ. ವಾರಕ್ಕೆ ಮೂರು ಸಂಜೆ ತಾಲೀಮು, ಮೂರು ತಿಂಗಳಿಗೊಂದು ನಾಟಕ. ಆದ್ದರಿಂದ ಕೀಲಿಕೈ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಮಾತ್ರ ಮನೆ ತೋರಿಸುತ್ತಿದ್ದ. ಒಬ್ಬರು ಒಪ್ಪಿಯೂ ಬಿಟ್ಟಿದ್ದರು. ಆದರೆ ತಮ್ಮ ಅತ್ತೆಗೆ ಮನೆ ತೋರಿಸಲು ಹೇಳದೆ ಕೇಳದೆ ಒಂದು ಸಂಜೆ ಬಂದವರು, ಕೆಳಗೆ ಇಪ್ಪತ್ತು ಜನ ಒಟ್ಟಿಗೆ ಅಳುವುದನ್ನು ಕೇಳಿ ಬಂದ ದಾರಿ ಹಿಡಿದರು. ಮಾರನೆಯ ದಿನ ಮಾರುಕಟ್ಟೆಯ ನಡುವೆ ಅವನನ್ನು ನಿಲ್ಲಿಸಿ ಮೋಸಗಾರ ಎಂದು ಬೈದರು.

ಭಾವ ಬೇಕರಿಯವನು. ಊರಿನ ಆಚೆ ತುದಿಯಲ್ಲಿ ಬೇಕರಿಗೆ ಅಂಟಿಕೊಂಡ ಒಂದು ಮನೆ ಅವನಿಗೆ ಸಿಕ್ಕಿತ್ತು. ಇನ್ನು ಹಿಟ್ಟು ನಾದಲು ಅಷ್ಟು ದೂರ ಸೈಕಲ್ ತುಳಿಯಬೇಕಿಲ್ಲ ಎಂದು ಅವನಿಗೆ ಖುಷಿ. ಅಕ್ಕ "ಆಯ್ತು" ಅಂದಿದ್ದಳು, ಅದರ ಮೇಲೆ ಇನ್ನೊಂದು ಮಾತು ಅಂದಿರಲಿಲ್ಲ. ಮನೆ ಮಾರುವ ಕೆಲಸ ತಮ್ಮನಿಗೇ ಇರಲಿ ಎಂದು ಹಟ ಹಿಡಿದವಳೂ ಅವಳೇ. ಏಳು ತಿಂಗಳು ಕಾದ ಭಾವ ಈ ವಾರ ಖಡಾಖಂಡಿತವಾಗಿ ಹೇಳಿದ್ದ: "ಭಾನುವಾರದ ತನಕ ನಿನಗೆ. ಸೋಮವಾರ ಬೆಳಿಗ್ಗೆ ಗಾಜಿನ ಬಾಗಿಲಿನ ಆ ದೊಡ್ಡ ದಲ್ಲಾಳಿ ಆಫೀಸಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ." ಬೇಜಾರೇನು, ಸ್ವಂತ ಅಕ್ಕನ ಮನೆ ಮಾರಲಾಗದ ದಲ್ಲಾಳಿ ಎಂದರೆ ಅವನು ಗೊಂಚಲನ್ನು ಬಾವಿಗೆ ಎಸೆದು ಬೇರೆ ಕಸುಬು ನೋಡಿಕೊಳ್ಳಬೇಕಿತ್ತು.

ಇವತ್ತು ಶನಿವಾರ. ಬರುವವರು ಆಸ್ಪತ್ರೆಯ ಹೆಡ್ ನರ್ಸ್ ಮತ್ತು ಅವರ ಗಂಡ, ಲೆಕ್ಕದ ಮೇಷ್ಟ್ರು. ಆಕೆಗೆ ಬಿಡುವಿದ್ದದ್ದು ಸಂಜೆ ಮಾತ್ರ. ಕೀಲಿಕೈ ಎದೆ ಗಟ್ಟಿ ಮಾಡಿಕೊಂಡು ರಂಗಮಂದಿರದ ಕಾವಲುಗಾರನನ್ನು ವಿಚಾರಿಸಿದ್ದ. ನಾಟಕ ಭಾನುವಾರ ಎಂದು ತಿಳಿದ ಮೇಲೆಯೇ, ತಾಲೀಮಿನ ದಿನವಲ್ಲದ ಶನಿವಾರ ಆರಕ್ಕೆ ಒಪ್ಪಿದ್ದ.

ಹೆಡ್ ನರ್ಸ್ ಗಡಿಯಾರದ ಮುಳ್ಳಿನಂತೆ ಆರಕ್ಕೆ ಬಂದರು. ಒಳಗೆ ಕಾಲಿಟ್ಟವರೇ ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ಧೂಳು ನೋಡಿದರು. ಮೇಷ್ಟ್ರು ಜೇಬಿನಿಂದ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಅಳೆಯತೊಡಗಿದರು. ಮಲಗುವ ಕೋಣೆ ಮೆಚ್ಚುಗೆಯಾಯಿತು. ಬಚ್ಚಲು ಮೆಚ್ಚುಗೆಯಾಯಿತು. ಕೀಲಿಕೈಗೆ ಒಳಗೊಳಗೇ ಸಕ್ಕರೆ ತಿಂದಂತಾಗುತ್ತಿತ್ತು. ಆರೂ ಕಾಲಿಗೆ ಹಿಂಬದಿಯಿಂದ ನಗಾರಿ ಬಾರಿಸಿದ ಸದ್ದು ಬಂತು.

ಅವನು ಅಡುಗೆಮನೆಗೆ ಓಡಿದ. "ನಾಟಕ ನಾಳೆ ಅಲ್ವಾ?" ಎಂದು ಪಿಸುಗುಟ್ಟಿದ.

"ನಾಟಕ ನಾಳೇನೇ. ಇವತ್ತು ವೇಷ ಕಟ್ಟಿ ಪೂರ್ತಿ ತಾಲೀಮು. ಅವರವರ ಮನೆಯವರನ್ನೆಲ್ಲ ಕರೆದು ಕೂರಿಸಿರ್ತಾರೆ. ಇಪ್ಪತ್ತೆರಡು ವರ್ಷದಿಂದ ಹಿಂದಿನ ದಿನ ಹೀಗೇನೇ."

"ನನಗೆ ಹೇಳ್ಬಾರ್ದಿತ್ತಾ?"

"ನೀನು ಕಾವಲುಗಾರನ್ನ ಕೇಳ್ದೆ. ನನ್ನ ಕೇಳ್ದೆಯಾ?"

ಹಜಾರಕ್ಕೆ ಮರಳಿದಾಗ ಹೆಡ್ ನರ್ಸ್ ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. "ಏನದು?"

"ಪಕ್ಕದ್ಮನೆ ಟಿವಿ, ಮೇಡಂ. ಅವರಿಗೆ ಕಿವಿ ಸ್ವಲ್ಪ ಮಂದ."

ಅಷ್ಟರಲ್ಲಿ ಧಡಧಡ ಎಂದು ದೊಡ್ಡ ಸದ್ದು ಬಂದು ಕಪಾಟಿನ ತಟ್ಟೆಗಳು ನಡುಗಿದವು. "ಗುಡುಗು," ಎಂದ ಕೀಲಿಕೈ, ಯಾರೂ ಕೇಳದಿದ್ದರೂ. ಹೆಡ್ ನರ್ಸ್ ಮುಂದಿನ ಕಿಟಕಿಯತ್ತ ತಿರುಗಿ ಆಕಾಶ ನೋಡಿದರು. ಹತ್ತಿಯ ಎಳೆಯಷ್ಟೂ ಮೋಡ ಇರಲಿಲ್ಲ. ಮೇಷ್ಟ್ರು ಟೇಪು ಹಿಡಿದು ಕಪಾಟಿನ ಬಳಿ ಕುಕ್ಕರಗಾಲಲ್ಲಿ ಕೂತವರು ಚಾಪೆಯ ತುದಿ ಎತ್ತಿ, ಗೀರುಗಳನ್ನು ನೋಡಿ, ತಲೆಯೆತ್ತಿದರು. "ಈ ಕಪಾಟು ಇವತ್ತೇ ಇಲ್ಲಿಗೆ ಬಂದಿದೆ. ಹಿಂದೆ ಏನಿದೆ?"

ಅಡುಗೆಮನೆಯಲ್ಲಿ ಅಕ್ಕ ಕಿಸಕ್ಕನೆ ನಕ್ಕಳು.

ಕೀಲಿಕೈಯ ನಾಲಿಗೆಯ ತುದಿಯಲ್ಲಿ ಮೂರನೆಯ ಸುಳ್ಳು ತಯಾರಾಗಿ ನಿಂತಿತ್ತು. ಗೆದ್ದಲು, ಗೋಡೆಗೆ ತೇವ, ಕಳೆದುಹೋದ ಕೀಲಿ, ಏನು ಬೇಕಾದರೂ ಹೇಳಬಹುದಿತ್ತು. ಆದರೆ ಸೊಂಟದ ಗೊಂಚಲು ಅವನಿಗೆ ಇದ್ದಕ್ಕಿದ್ದಂತೆ ಭಾರವೆನಿಸಿತು. ಏಳು ತಿಂಗಳಿಂದ ಒಂದು ಬಾಗಿಲು ಮುಚ್ಚಿಡಲು ಪಟ್ಟ ಪಾಡಿನಲ್ಲಿ ಹತ್ತು ಮನೆ ಕಟ್ಟಿಸಬಹುದಿತ್ತು. ಅವನಿಗೆ ನಿಜಕ್ಕೂ ಸಾಕಾಗಿತ್ತು.

"ಮೇಡಂ, ಟಿವಿಯೂ ಅಲ್ಲ, ಗುಡುಗೂ ಅಲ್ಲ," ಎಂದ. "ಹಿಂದೆ ನಾಟಕದ ಬಯಲಿದೆ. ವಾರಕ್ಕೆ ಮೂರು ಸಂಜೆ ಗಲಾಟೆ, ಒಂದೊಂದ್ ವಾರ ನಾಲ್ಕು. ಎಂಟೂವರೆಗೆ ನಿಲ್ಲುತ್ತೆ. ಇದನ್ನ ಮುಚ್ಚಿಡೋಕೇ ಕಪಾಟು ಇಟ್ಟೆ. ಒಬ್ಬರು ಆಗ್ಲೇ ಬೈದು ಹೋಗಿದ್ದಾರೆ, ನೀವೂ ಬೈಯೋದಿದ್ರೆ ಬೈದ್ಬಿಡಿ. ಆದ್ರೆ ನೋಡಿ ಬೈಯಿರಿ." ಎಂದವನೇ ಕಪಾಟಿಗೆ ಮತ್ತೆ ಬೆನ್ನು ಕೊಟ್ಟ. ಮೇಷ್ಟ್ರೂ ಒಂದು ಕೈ ಹಚ್ಚಿದರು. ಬಾಗಿಲು ತೆರೆಯಿತು.

ಕೀಲಿಕೈ ಆ ಬಾಲ್ಕನಿಯಿಂದ ನಾಟಕ ನೋಡಿದವನೇ ಅಲ್ಲ. ಅವನ ಪಾಲಿಗೆ ಅದೊಂದು ಸದ್ದು, ಅಷ್ಟೆ. ಈಗ ಕೆಳಗೆ ನೋಡಿ ಅವನೂ ಬಾಯಿ ಬಿಟ್ಟ. ಮನೆ ಇದ್ದದ್ದು ರಂಗದ ಬೆನ್ನಿಗೆ. ಎತ್ತರದಿಂದ ಹಿಂಪರದೆಯ ಎರಡು ಬದಿಯೂ ಕಾಣುತ್ತಿತ್ತು. ಪರದೆಯ ಆಚೆ ದೀಪದ ಬೆಳಕಿನಲ್ಲಿ ಒಬ್ಬ ಸೇನಾಪತಿ ಎತ್ತರದ ಪೀಠದ ಮೇಲೆ ಕೂತು ಗುಡುಗುತ್ತಿದ್ದ. ಅವನು ಊರಿನ ಔಷಧಿ ಅಂಗಡಿಯವನು. ಪರದೆಯ ಈಚೆ ಒಬ್ಬ ದರ್ಜಿ ಹೆಂಗಸು ಮಂಡಿಯೂರಿ, ಪರದೆಯ ಸೀಳಿನೊಳಗೆ ಕೈ ತೂರಿಸಿ, ಹರಿದ ಅವನ ನಿಲುವಂಗಿಯನ್ನು ಹೊಲಿಯುತ್ತಿದ್ದಳು. ಅದು ಮುಗಿಯುವ ತನಕ ಸೇನಾಪತಿ ಏಳುವಂತಿರಲಿಲ್ಲ, ಅದಕ್ಕೇ ಕೂತಲ್ಲೇ ಅಷ್ಟು ಆರ್ಭಟ. ಆಗಷ್ಟೇ ಯುದ್ಧದಲ್ಲಿ ಸತ್ತು ಹೊತ್ತು ತರಲ್ಪಟ್ಟ ಒಬ್ಬ ಸೈನಿಕ ಎದ್ದು ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಇನ್ನೊಬ್ಬ ದೊಡ್ಡ ತಗಡು ಹಿಡಿದು ಮುಂದಿನ ಗುಡುಗಿಗೆ ಕಾಯುತ್ತಿದ್ದ. ಇವೆಲ್ಲದರ ಆಚೆ ಸಾಲು ಸಾಲಾಗಿ ಇನ್ನೂರು ಮುಖಗಳು, ಇದಾವುದೂ ಗೊತ್ತಿಲ್ಲದೆ, ಕಣ್ಣರಳಿಸಿ ಕೂತಿದ್ದವು.

"ಹೆಣ ಬಾಳೆಹಣ್ಣು ತಿನ್ತಿದೆ," ಎಂದರು ಹೆಡ್ ನರ್ಸ್. "ಮೂವತ್ತು ವರ್ಷದ ಸರ್ವಿಸಲ್ಲಿ ಇದೇ ಮೊದಲು ನೋಡ್ತಿರೋದು."

ಅಕ್ಕ ಅಡುಗೆಮನೆಯ ಬಾಗಿಲಿನಿಂದ ಅದೇ ಬಾಲ್ಕನಿಗೆ ಬಂದು, ಕಟಕಟೆಯ ಮೂಲೆಯಲ್ಲಿ ನಿಂತಳು. ಆ ಜಾಗದಲ್ಲಿ ಬಣ್ಣ ಸವೆದು ಮರ ನುಣುಪಾಗಿತ್ತು. ಕೆಳಗೆ ಸೇನಾಪತಿಯ ಹೊಲಿಗೆ ಮುಗಿದಿತ್ತು. ಅವನು ಎದ್ದು, ಎರಡು ಕೈ ಚಾಚಿ, ಹೆಂಡತಿಗೆ ಹೇಳಿದ: "ಗೆದ್ದು ಬಂದಿದ್ದೇನೆ! ಊರಿನ ದೀಪಗಳನ್ನೆಲ್ಲ ಹಚ್ಚಿಸು!"

ಹೆಂಡತಿಗೆ ಮಾತು ಮರೆತುಹೋಯಿತು. ಅವಳು ಅಂಚೆ ಕಚೇರಿಯ ಕೌಂಟರಿನವಳು, ದಿನವಿಡೀ ಊರಿಗೆಲ್ಲ ಜೋರು ಮಾಡುವವಳು. ಈಗ ಬಾಯಿ ತೆರೆದು ಹಾಗೇ ನಿಂತುಬಿಟ್ಟಳು. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಮುದುಕನಿದ್ದ. ಅವನ ಕೊರಳಿಗೆ ಮಫ್ಲರು ಸುತ್ತಿತ್ತು. ಪಾಪ, ಕತ್ತು ಚಾಚಿ ಚಾಚಿ ಹೇಳುತ್ತಿದ್ದ, ಆದರೆ ನೆಗಡಿಗೆ ಗಂಟಲು ಕಟ್ಟಿ ಬರೀ ಗಾಳಿ ಬರುತ್ತಿತ್ತು. ಇನ್ನೂರು ಜನ ಉಸಿರು ಬಿಗಿಹಿಡಿದರು. ತಗಡಿನವನು ಗಾಬರಿಯಿಂದ ತಗಡನ್ನು ಅರ್ಧಕ್ಕೆ ಎತ್ತಿದ.

"ಯಾವ ಮನೆಯಿಂದ ಶುರು ಮಾಡಲಿ?"

ಆ ದನಿ ಬಂದದ್ದು ಬಾಲ್ಕನಿಯಿಂದ. ಕೀಲಿಕೈ ಬೆಚ್ಚಿ ತಿರುಗಿದ. ಅಕ್ಕ ಸೌಟನ್ನು ಎದೆಗೊತ್ತಿಕೊಂಡು, ಕೆಳಗೆ ನೋಡುತ್ತ, ಅವನು ಹುಟ್ಟಿದಾಗಿನಿಂದ ಕೇಳಿರದ ದೊಡ್ಡ ತಿಳಿ ದನಿಯಲ್ಲಿ ಹೇಳುತ್ತಿದ್ದಳು: "ನಿನ್ನ ಜೊತೆ ಹೋದವರ ಮನೆಗಳಲ್ಲಿ ದೀಪ ಹಚ್ಚುವ ಕೈಗಳೇ ಉಳಿದಿಲ್ಲ!"

ಕೆಳಗೆ ಅಂಚೆ ಕಚೇರಿಯವಳು ನಿಧಾನವಾಗಿ ತಿರುಗಿ, ಕತ್ತಲಾಗುತ್ತಿದ್ದ ಆಕಾಶದತ್ತ ಮುಖವೆತ್ತಿದಳು. ಆ ಮಾತನ್ನೇ ತನ್ನ ಬಾಯಲ್ಲಿ ಮತ್ತೆ ಹೇಳಿದಳು, ಅಳುತ್ತ. ಮುಂದಿನ ಸಾಲನ್ನು ಅಕ್ಕ ಕೊಟ್ಟಳು: "ಗೆದ್ದವನೇ, ಬಾಗಿಲು ತೆರೆದಿದೆ. ಒಳಗೆ ಬಾ. ಆದರೆ ನಗಬೇಡ." ಅದನ್ನೂ ಅಂಚೆ ಕಚೇರಿಯವಳು ಹೇಳಿದಳು. ಮೇಲೊಂದು ದನಿ, ಕೆಳಗೊಂದು ದನಿ. ದೃಶ್ಯ ಮುಗಿಯುವ ತನಕ ಹೀಗೇ ನಡೆಯಿತು. ಸತ್ತವರ ತಾಯಂದಿರೆಲ್ಲ ಮೇಲಿನಿಂದ ಮಾತಾಡುತ್ತಿದ್ದಾರೆ, ನಾಟಕ ಬರೆದವನೇ ಹೀಗೆ ಬರೆದಿದ್ದಾನೆ ಎಂದು ಜನ ತಿಳಿದರು. ಪರದೆ ಬಿದ್ದಾಗ ಚಪ್ಪಾಳೆ ದಿಬ್ಬ ಹತ್ತಿ ಮನೆಯೊಳಗೆ ನುಗ್ಗಿತು.

ಅಕ್ಕ ಆಗ ಎಚ್ಚೆತ್ತವಳಂತೆ ಸೌಟು ನೋಡಿಕೊಂಡಳು. "ಅಯ್ಯಯ್ಯೋ, ಮನೆ ನೋಡೋಕೆ ಬಂದವರ ಮುಂದೆ..." ಎಂದು ನಾಲಿಗೆ ಕಚ್ಚಿದಳು.

"ನಿನಗೆ ಇದು ಬಾಯಿಪಾಠ ಬರುತ್ತಾ?" ಎಂದ ಕೀಲಿಕೈ.

"ಮೂರು ತಿಂಗಳಿಂದ ತರಕಾರಿ ಹೆಚ್ತಾ ಕೇಳಿದೀನಿ. ಬರದೇ ಏನು?"

"ಇದೊಂದೇನಾ?"

"ಎಲ್ಲಾನೂ ಬರುತ್ತೆ," ಎಂದಳು ಅಕ್ಕ, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಕೀಲಿಕೈ ಗಿರಾಕಿಗಳತ್ತ ತಿರುಗಿದ. ಮೇಷ್ಟ್ರು ಅಳತೆ ಮರೆತು ನಿಂತಿದ್ದರು. ಟೇಪು ಹಜಾರದ ಉದ್ದಕ್ಕೂ ಹಾಗೇ ಬಿದ್ದಿತ್ತು. ಹೆಡ್ ನರ್ಸ್ ಕನ್ನಡಕ ತೆಗೆದು ಒರೆಸಿಕೊಂಡರು.

"ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ಸದ್ದು ಮಾಡ್ಬೇಡಿ, ಸದ್ದು ಮಾಡ್ಬೇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ," ಎಂದರು. "ಮುಂದಿನ ತಿಂಗಳು ರಿಟೈರ್ ಆಗ್ತೀನಿ. ನಮಗೆ ಈ ಮನೆ ಬೇಕು. ಕಪಾಟು ಮಾತ್ರ ಬೇಡ, ಅದನ್ನ ನೀವೇ ತಗೊಂಡ್ಹೋಗಿ."

"ನಾಳೆ ಬೆಳಿಗ್ಗೆ ಮುಂಗಡ ತರ್ತೀವಿ," ಎಂದರು ಮೇಷ್ಟ್ರು. "ಆಮೇಲೆ ಸಂಜೆ ನಾಟಕಕ್ಕೂ ಬರ್ಬಹುದಾ? ಇಲ್ಲಿಗೇ?"

ಕೀಲಿಕೈ ಬಹಳ ಗಂಭೀರವಾಗಿ ಹೂಂ ಎಂದ. ಗಂಭೀರವಾಗಿಯೇ ಹಜಾರ ದಾಟಿ, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಗೊಂಚಲು ಝಣಝಣ ಎನ್ನುವಂತೆ ನಾಲ್ಕು ಸಲ ಕುಣಿದ. ಆಮೇಲೆ ಬೇಕರಿಗೆ ಫೋನು ಮಾಡಿದ.

"ಭಾವ, ಮನೆ ಹೋಯ್ತು."

"ಏನು ಸುಳ್ಳು ಹೇಳ್ದೆ?"

"ಎರಡು ಹೇಳ್ದೆ. ಎರಡರಲ್ಲೂ ಸಿಕ್ಕಿಬಿದ್ದೆ. ಆಮೇಲೆ ಹೋಯ್ತು."

ಭಾವ ನಕ್ಕ ಸದ್ದು ಕೇಳಿಸಿತು. ಆ ಮನುಷ್ಯ ನಗುವುದು ವರ್ಷಕ್ಕೆ ಒಂದೆರಡು ಸಲ. "ಹಾಗಾದ್ರೆ ಸೋಮವಾರ ಬೆಳಿಗ್ಗೆ ಬಾ," ಎಂದ ಭಾವ. "ಪಕ್ಕದ ಬೀದಿಯಲ್ಲಿ ನನ್ನ ಸ್ನೇಹಿತನದೂ ಒಂದು ಮನೆ ಇದೆ. ಆ ಗಾಜಿನ ಬಾಗಿಲಿನವರಿಗೆ ಕೊಟ್ಟು ವರ್ಷ ಆಯ್ತು, ಇನ್ನೂ ಮಾರಿಲ್ಲ. ನೀನು ನೋಡು."

ಅವನು ಬಾಲ್ಕನಿಗೆ ಮರಳುವ ಹೊತ್ತಿಗೆ ಅಕ್ಕ ಗಿರಾಕಿಗಳಿಗೆ ಕುರ್ಚಿ ಹಾಕಿ ಕೊಟ್ಟಿದ್ದಳು. ಮುಂದಿನ ಅಂಕ ಶುರುವಾಗಿತ್ತು. ಕೀಲಿಕೈ ಬಾಗಿಲ ಚೌಕಟ್ಟಿಗೆ ಒರಗಿ, ಮೊದಲ ಬಾರಿಗೆ ಒಂದು ನಾಟಕವನ್ನು ಕೊನೆಯ ತನಕ ನೋಡಿದ. ಅಂಚೆ ಕಚೇರಿಯವಳು ಇನ್ನೆರಡು ಸಲ ಮುಖವೆತ್ತಿದಳು. ಎರಡು ಸಲವೂ ಅಕ್ಕ ತಡಮಾಡಲಿಲ್ಲ.

ಆಟ ಮುಗಿಯಿತು. ನಟರೆಲ್ಲ ಸಾಲಾಗಿ ನಿಂತು ಪ್ರೇಕ್ಷಕರಿಗೆ ತಲೆಬಾಗಿದರು. ಬಾಲ್ಕನಿಗೆ ಕಂಡದ್ದು ಸಾಲು ಬೆನ್ನುಗಳು. ಅಕ್ಕ ಇನ್ನೇನು ಒಳಗೆ ಹೊರಟಿದ್ದಳು. ಇಪ್ಪತ್ತೆರಡು ವರ್ಷದಿಂದ ಬೆನ್ನು ಬಾಗಿದರೆ ಅವಳ ಪಾಲಿಗೆ ನಾಟಕ ಮುಗಿದಂತೆ. ಆಗ ಗಂಟಲು ಕಟ್ಟಿದ ಮುದುಕ ಪುಸ್ತಕ ಹಿಡಿದು ರಂಗದ ನಡುವೆ ಬಂದು, ಹಿಂಪರದೆಯನ್ನು ಎರಡೂ ಕೈಯಿಂದ ಎಳೆದು ಸರಿಸಿದ. ಇಡೀ ಸಾಲು ಹಿಂದಕ್ಕೆ ತಿರುಗಿತು. ಸೇನಾಪತಿ, ಅವನ ಹೆಂಡತಿ, ಸತ್ತ ಸೈನಿಕ, ತಗಡಿನವನು, ಬಾಯಲ್ಲಿ ಇನ್ನೂ ಸೂಜಿ ಕಚ್ಚಿದ್ದ ದರ್ಜಿ, ಎಲ್ಲರೂ ದಿಬ್ಬದ ಮೇಲಿನ ಮನೆಯತ್ತ ಮುಖವೆತ್ತಿ ಒಂದು ಕ್ಷಣ ನಿಂತರು, ಆಮೇಲೆ ಸೊಂಟದ ತನಕ ಬಾಗಿದರು. ಅವರ ಹಿಂದೆ ಇನ್ನೂರು ಜನ ಎದ್ದು ನಿಂತರು.

"ಎಲ್ಲರ ಮುಖಾನೂ ಇತ್ಲಾಗಿದೆಯಲ್ಲೋ," ಎಂದಳು ಅಕ್ಕ. ಸೌಟನ್ನು ತಮ್ಮನ ಕೈಗೆ ಕೊಟ್ಟು, ಕಟಕಟೆ ಹಿಡಿದು, ಅವಳೂ ಬಾಗಿದಳು. ಎಷ್ಟು ಬಾಗಿದಳೆಂದರೆ ಕೀಲಿಕೈ ಹೆದರಿ ಇನ್ನೊಂದು ಕೈಯಿಂದ ಅವಳ ಭುಜ ಹಿಡಿದುಕೊಂಡ. ಅವಳು ಏಳುವ ತನಕ ಬಿಡಲಿಲ್ಲ.