ಓದಬೇಕಾದ ಹೆಸರು

"ಓದ್ರೀ ನೀಲಾಂಬಿಕಾ, ಯಾಕ್ ನಿಂತ್ರಿ?" ಎಂದರು ಗುರುಪ್ರಕಾಶ್.

ನೀಲಾಂಬಿಕ ಓದಲಿಲ್ಲ. ಮುಂದಿನ ಮಾತು ಹಾಳೆಯ ಮೇಲೆ ಅವಳದೇ ಅಕ್ಷರದಲ್ಲಿ ದುಂಡಗೆ ಕೂತಿತ್ತು: 'ವೀರಬಸಪ್ಪ, ನನ್ನ ಹೊಲಿಗೆ ಮಿಷನ್ ಎಲ್ಲಿ?' ವೀರಬಸಪ್ಪ ಅವಳ ಗಂಡನ ಹೆಸರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಅದನ್ನು ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯ ವರದಮ್ಮನ ಕೈಲಿ ಹೇಳಿಸಿದ್ದಳು. ಬರೆಯುವುದಕ್ಕೇನು, ಅರ್ಜಿಗಳಲ್ಲಿ ಎಷ್ಟೋ ಸಲ ಬರೆದಿದ್ದಾಳೆ. ನಾಟಕದಲ್ಲೂ ಹಾಗೇ ಬರೆದುಬಿಟ್ಟಳು. ನಾಟಕದಲ್ಲಿ ಬರೆದದ್ದನ್ನು ಯಾರಾದರೂ ಬಾಯಿಬಿಟ್ಟು ಆಡಲೇಬೇಕು ಎಂಬುದು ಈ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ ನೋಡಿ.

೧೯೯೪ರ ದಸರಾ ರಜೆ. ಶಿರಾಳಕೊಪ್ಪದ ಒಂದು ಶಾಲೆಯಲ್ಲಿ ಹೊಸದಾಗಿ ನಾಟಕ ಬರೆಯುವವರಿಗೆ ಐದು ದಿನದ ಶಿಬಿರ. ಅದನ್ನು ನಡೆಸುತ್ತಿದ್ದ ಗುರುಪ್ರಕಾಶರ ಕ್ರಮವೆಂದರೆ, ಬರೆದವರೇ ಎಲ್ಲ ಪಾತ್ರಗಳನ್ನೂ ಓದಬೇಕು, ಉಳಿದ ಆರು ಜನ ಕೂತು ತಿದ್ದಬೇಕು. ಕುಪ್ಪಗಡ್ಡೆಯ ನೀಲಾಂಬಿಕ ಬರೆದದ್ದು ಸಣ್ಣ ನಾಟಕ. ಗಂಡ ಹೇಳದೆ ಕೇಳದೆ ಹೆಂಡತಿಯ ಹೊಲಿಗೆ ಮಿಷನ್ನನ್ನು ತನ್ನ ತಂಗಿಗೆ ಕೊಟ್ಟುಬಿಡುತ್ತಾನೆ; ಹೆಂಡತಿ ಅವನನ್ನು ಕೇಳುತ್ತಾಳೆ. ಅವಳ ಮನೆಯಲ್ಲಿ ನಡೆದದ್ದೂ ಇದೇ. ಮನೆಯಲ್ಲಿ ಮಾತ್ರ ಅವಳು ಕೇಳಿರಲಿಲ್ಲ.

"ಇದು ನೋಡ್ರಿ ಮೌನ ಅಂದ್ರೆ," ಎಂದರು ಗುರುಪ್ರಕಾಶ್, ಅವಳು ನಿಂತದ್ದನ್ನು ಅಭಿನಯವೆಂದೇ ತಿಳಿದು. "ಇಲ್ಲಿ ಹೆಂಡ್ತಿ ಮಾತೇ ಆಡ್ಬಾರ್ದು. ಆ ಸಾಲು ಹೊಡ್ದು ಹಾಕೋಣ."

"ಮಾತಾಡ್ದೇ ಇದ್ರೆ ಅವಳ್ ಮಿಷನ್ನು ಯಾರ್ ಕೇಳ್ತಾರೆ ಸಾರ್?" ಎಂದ ಸೊರಬದ ಯತೀಶ. "ಒಂದ್ಸಲ ಜೋರಾಗಿ ಅಳ್ಲಿ."

"ಅಳೋದ್ಯಾಕೆ? ತವರಿಗೆ ಹೋಗ್ಲಿ," ಎಂದಳು ಕಾಲೇಜಿಗೆ ಹೋಗುವ ಮೀನಾ.

ನೀಲಾಂಬಿಕ ಎಲ್ಲರಿಗೂ ಹೂಂ ಅಂದಳು. ಇದು ನಮ್ಮನೆಯವರ ಹೆಸರು ಅಂದರೆ, ಮಿಷನ್ ಕೊಟ್ಟವರೂ ಅವರೇ ಅಂತ ಊರಿಗೆಲ್ಲ ಸಾರಿದ ಹಾಗೆ. ವೀರಬಸಪ್ಪ ಎಂಬುದನ್ನು ಸಣ್ಣಪ್ಪ ಎಂದು ತಿದ್ದಿ ನೋಡಿದಳು. ಯಾರದೋ ಗಂಡನ ಹತ್ತಿರ ತನ್ನ ಮಿಷನ್ ಕೇಳಿದಂತಾಯಿತು. ಅದನ್ನೂ ಹೊಡೆದು ಮೊದಲಿನ ಹೆಸರನ್ನೇ ಬರೆದಳು. ನಾಲ್ಕನೆಯ ದಿನದ ಹೊತ್ತಿಗೆ ಅಂಚಿನ ತುಂಬ ಆರು ಜನರ ಕೈಬರಹ. ಅದರಲ್ಲಿ ತನ್ನ ಮಾತು ಯಾವುದು ಎಂಬುದೇ ಅವಳಿಗೆ ಗೊತ್ತಾಗದೆ ಹೋಯಿತು.

ಕೊನೆಯ ದಿನ ಊರವರ ಮುಂದೆ ಓದು. ಅವಳನ್ನು ಕರೆದೊಯ್ಯಲು ಬಂದ ವೀರಬಸಪ್ಪ ಹೊರಗೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಒಳಗೇ ಬಂದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಶಿಬಿರಕ್ಕೆ ಹೋಗಿ ಬಾ ಎಂದವರೂ ಅವರೇ, ನಾಲ್ಕು ದಿನ ಮಕ್ಕಳಿಗೆ ಅನ್ನ ಮಾಡಿ ಹಾಕಿದವರೂ ಅವರೇ. ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಆ ಸಾಲು ಬಂತು. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಗುರುಪ್ರಕಾಶರ ಅಕ್ಷರ: ಮೌನ. ಅವಳು ನಿಲ್ಲಿಸಿದಳು. ಗುರುಪ್ರಕಾಶ್ ಕಣ್ಣು ಮುಚ್ಚಿ ತಲೆದೂಗಿದರು. ಇನ್ನು ಹೀಗೇ ಕೂತರೆ ಸಾಕು, ನಾಟಕ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಊರಿನ ಬಸ್ಸೂ ಸಿಗುತ್ತದೆ. ಮಿಷನ್ನಿನ ಮಾತು ಮಾತ್ರ ಇಲ್ಲೂ ಕೇಳದೆಯೇ ಉಳಿಯುತ್ತದೆ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

"ವೀರಬಸಪ್ಪ," ಎಂದಳು.

"ಓ," ಎಂದ ವೀರಬಸಪ್ಪ ಹಿಂದಿನ ಬೆಂಚಿನಿಂದ.

ಗದ್ದೆಯಾಚೆಯಿಂದ ಯಾರೋ ಕೂಗಿದರೆ ಅನ್ನುವ ಹಾಗೆ ಅಂದುಬಿಟ್ಟಿದ್ದ. ಕರೆದವರು ಯಾರೆಂದು ಆಮೇಲೆ ಹೊಳೆದು ಚೀಲದ ಸಮೇತ ಎದ್ದು ನಿಂತ. ಗುರುಪ್ರಕಾಶ್ ಕಣ್ಣು ಬಿಟ್ಟು, ಆ 'ಓ' ಸೇರಿಸಿದ್ದು ಯಾರೆಂದು ತಮ್ಮ ಪ್ರತಿಯ ಹಾಳೆ ಮಗುಚತೊಡಗಿದರು.

ನೀಲಾಂಬಿಕ ಕೈಯಲ್ಲಿದ್ದ ಹಾಳೆಯನ್ನು ಮಡಿಲಿಗಿಟ್ಟಳು. ಮುಂದಿನ ಮಾತಿಗೆ ಅದು ಬೇಕಿರಲಿಲ್ಲ.