ಗೋಲಿನ ಹಿಂದೆ ನಿಲ್ಲುವವರು

ಬ್ಯಾಡಗಿ ಬ್ರದರ್ಸ್ ಫುಟ್‌ಬಾಲ್ ಕ್ಲಬ್ಬು ಸೋಲುವುದು ಊರಿಗೆ ಹೊಸದೇನಲ್ಲ. ಮೆಣಸಿನಕಾಯಿ ಪ್ಯಾಟಿಯಲ್ಲಿ ಸೀನು ಬರುವಷ್ಟೇ ಸಹಜವಾಗಿ ಅದು ಸೋಲುತ್ತಿತ್ತು. ರಾಣೆಬೆನ್ನೂರಿನವರು ಸೋಲಿಸಿದ್ದರು, ಸವಣೂರಿನವರು ಸೋಲಿಸಿದ್ದರು. ಒಮ್ಮೆ ಎದುರಾಳಿಗಳ ಟೆಂಪೋ ದಾರಿಯಲ್ಲಿ ಕೆಟ್ಟು ಎಂಟೇ ಜನ ಆಡಿದಾಗಲೂ ಸೋತಿತ್ತು. ಆದರೂ ಹೈಸ್ಕೂಲ್ ಮೈದಾನದಲ್ಲಿ ಮ್ಯಾಚಿದ್ದ ರವಿವಾರ ಗೋಲಿನ ಹಿಂದೆ ಇಬ್ಬರು ನಿಂತಿರುತ್ತಿದ್ದರು. ಒಬ್ಬ ಗೋಣಿಚೀಲದ ವ್ಯಾಪಾರಿ ಶಶಿಕಾಂತ, ಇನ್ನೊಬ್ಬ ಗಾದಿ ಅಂಗಡಿಯ ಸಲಾವುದ್ದೀನ. ಇಬ್ಬರೂ ಜನ್ಮದಲ್ಲಿ ಚೆಂಡು ಒದ್ದವರಲ್ಲ. ಲಗ್ನಕ್ಕೆ ಮೊದಲು ನಿಲ್ಲಲು ಶುರು ಮಾಡಿದವರು, ಈಗ ತಲೆ ಬೆಳ್ಳಗಾಗಿದ್ದರೂ ಅಲ್ಲೇ ನಿಂತಿದ್ದರು.

ಸೋತು ಸೋತು ಶಶಿಕಾಂತನಿಗೆ ಸಾಕಾಗಿತ್ತು. ಸೋಮವಾರ ಅಂಗಡಿ ಬಾಗಿಲು ತೆಗೆಯುವುದೇ ತಡ, ಎದುರಿನ ದಲಾಲಿ ಅಂಗಡಿಯವರು, "ಏನ್ರೀ ಶಶಿಕಾಂತ, ನಿನ್ನೆ ಎಷ್ಟು ಗೋಲು ತಿಂದ್ರಿ?" ಎಂದು ಕೂಗುತ್ತಿದ್ದರು. ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದ. ಆಮೇಲೆ ನಗಲು ಕಲಿತ. ಈಚೆಗೆ ನಗುವುದಕ್ಕೂ ದಣಿವು.

ಎರಡು ಸಾವಿರದ ಆರನೇ ಇಸವಿ. ಟಿವಿಯಲ್ಲಿ ವಿಶ್ವಕಪ್ ನೋಡಿ ಊರ ಹುಡುಗರಿಗೆಲ್ಲ ಹುರುಪು ಬಂದಿತ್ತು. ಆಗಲೇ ಹಾವೇರಿಯ ಸೈಟು, ಪ್ಲಾಟುಗಳ ವ್ಯಾಪಾರಿ ಮಧು ಶಶಿಕಾಂತನ ಅಂಗಡಿಗೆ ಬಂದು ಗೋಣಿಚೀಲದ ಪೆಂಡಿಯ ಮೇಲೆ ಕುಂತ. ಸಲಾವುದ್ದೀನನೂ ಅಲ್ಲೇ ಇದ್ದ.

"ಶಶಿಕಾಂತಣ್ಣಾರ, ಕ್ಲಬ್ಬಿಗೆ ಹಳೇ ಮಂದಿ ಅಂದ್ರ ನೀವ. ನೀವು ಹೂಂ ಅಂದ್ರ ಇನ್ನ ಕ್ಲಬ್ಬು ನಾ ನಡಸ್ತೀನ್ರಿ. ಹುಬ್ಬಳ್ಳಿಯಿಂದ ಛಲೋ ಹುಡುಗೂರ್ನ ತರ್ತೀನಿ. ಆಟ ಇನ್ನ ಹಾವೇರಿ ಸ್ಟೇಡಿಯಂನ್ಯಾಗ. ಹೆಸರು ಹಾವೇರಿ ಟೈಗರ್ಸ್. ಕೆಂಪು ಅಂಗಿ ಬ್ಯಾಡ, ನೀಲಿ ಮಾಡೂಣು."

ಸಲಾವುದ್ದೀನ ಎಲೆ ಅಡಿಕೆ ಅಗಿಯುತ್ತ ಕೇಳಿದ. "ಹೆಸರು ಬದಲಿ, ಅಂಗಿ ಬದಲಿ, ಊರು ಬದಲಿ, ಹುಡುಗೂರೂ ಬದಲಿ. ಮತ್ತ ಉಳದದ್ದು ಏನ್ ತಮ್ಮಾ?"

"ಗೆಲ್ತೇವಲ್ರೀ ಅಣ್ಣಾರ!"

ಶಶಿಕಾಂತ ಗೆಳೆಯನ ಕಡೆ ನೋಡಿದ. "ಇಷ್ಟು ವರ್ಷ ನಿಂತೇವಿ ಸಲ್ಯಾ. ಒಮ್ಮೆ ಗೆಲ್ಲೂದು ನೋಡಬಾರದೇನ?"

"ನೋಡು ಹೋಗು," ಎಂದು ಸಲಾವುದ್ದೀನ ಎದ್ದು ಹೋದ. ಸಿಟ್ಟಿನಲ್ಲಿ ಅಂದನೋ ಸುಮ್ಮನೆ ಅಂದನೋ ಶಶಿಕಾಂತನಿಗೆ ತಿಳಿಯಲಿಲ್ಲ.

ಕ್ಲಬ್ಬು ಒಡೆಯಿತು. ಕ್ಯಾಪ್ಟನ್ ಅಂಜಿನಪ್ಪ ಒಂದಿಷ್ಟು ಹುಡುಗರನ್ನು ಕಟ್ಟಿಕೊಂಡು ಹಳೆಯ ಹೆಸರಿನಲ್ಲೇ ಉಳಿದ. ಶಶಿಕಾಂತ ರವಿವಾರಕ್ಕೊಮ್ಮೆ ಪ್ಯಾಸೆಂಜರ್ ರೈಲು ಹತ್ತಿ ಹಾವೇರಿಗೆ ಹೋಗತೊಡಗಿದ. ಊರಲ್ಲಿ ಸಲಾವುದ್ದೀನ ಎದುರಾದರೆ, "ಆರಾಮೇನ?" "ಆರಾಮ." ಅಷ್ಟೇ ಮಾತು.

ಟೈಗರ್ಸ್ ಗೆದ್ದಿತು. ಮತ್ತೆ ಗೆದ್ದಿತು. ಚಳಿಗಾಲದ ಟೂರ್ನಮೆಂಟಿನ ಫೈನಲ್‌ನಲ್ಲಿ ರಾಣೆಬೆನ್ನೂರಿನವರ ಮೇಲೆ ಮೂರು ಗೋಲು ಹೊಡೆಯಿತು. ಪಟಾಕಿ ಹಾರಿದವು. ಮಧು ಶಶಿಕಾಂತನ ಕೈ ಹಿಡಿದು ಎಳೆದುಕೊಂಡು ಹೋಗಿ ಸ್ಟೇಜ್ ಹತ್ತಿಸಿದ, ಶಾಲು ಹೊದಿಸಿದ. "ಇವರು ನಮ್ಮ ಕ್ಲಬ್ಬಿನ ನಿಜವಾದ ಅಭಿಮಾನಿ!" ಎಂದು ಮೈಕಿನಲ್ಲಿ ಕೂಗಿದ. "ಅಣ್ಣಾರ, ಇವತ್ತಿನ ಹುಡುಗೂರ ಬಗ್ಗೆ ಎರಡು ಮಾತು."

ಶಶಿಕಾಂತ ಮೈಕ್ ಹಿಡಿದು ನಿಂತ. ಗೋಲು ಹೊಡೆದ ಹುಡುಗನ ಹೆಸರು ನೆನಪಾಗಲಿಲ್ಲ. ನೆನಪಾಗುವ ಮಾತೆಲ್ಲಿ, ಅವನಿಗೆ ಗೊತ್ತೇ ಇರಲಿಲ್ಲ. "ಛಲೋ ಆಡಿದ್ರು," ಎಂದು ಹೇಳಿ ಕೆಳಗಿಳಿದ. ನೀಲಿ ಅಂಗಿಯ ಹುಡುಗನೊಬ್ಬ ವಿನಯದಿಂದಲೇ ಕೇಳಿದ, "ಅಂಕಲ್, ನೀವು ಯಾವ ಪ್ಲೇಯರ್ ತಂದೆಯವರು?"

ಹಾವೇರಿ ಸ್ಟೇಷನ್ನಿನಲ್ಲಿ ರೈಲು ತಡವಿತ್ತು. ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಂತ. ಸೋತ ದಿನ ಇಂಥ ಆಯಾಸ ಆಗಿರಲಿಲ್ಲ. ಸೋತ ದಿನ ಮಂಡಕ್ಕಿ ಮಿರ್ಚಿ ತಿನ್ನುತ್ತ ಇಬ್ಬರೂ ತಮ್ಮ ಆಟಗಾರರ ಕುಲಗೋತ್ರ ಜಾಲಾಡುತ್ತಿದ್ದರು. ಬೈದು ಬೈದು ಹಗುರಾಗಿ ಮನೆಗೆ ಹೋಗುತ್ತಿದ್ದರು. ಇವತ್ತು ಗೆದ್ದಾಗಿದೆ, ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲ.

ಮುಂದಿನ ರವಿವಾರ ರೈಲಿಗೆ ಹೋಗದೆ ಹೈಸ್ಕೂಲ್ ಮೈದಾನಕ್ಕೆ ಹೋದ. ಮೋಟೆಬೆನ್ನೂರಿನ ಹುಡುಗರೊಂದಿಗೆ ಮ್ಯಾಚಿತ್ತು. ಗೋಲಿನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಸಲಾವುದ್ದೀನ ಎಲ್ಲಿ?" ಎಂದು ಅಂಜಿನಪ್ಪನನ್ನು ಕೇಳಿದ.

"ಚಾಚಾ ಬರೂದು ಬಿಟ್ಟು ಭಾಳ ದಿನ ಆತಲ್ರೀ," ಎಂದ ಅಂಜಿನಪ್ಪ, ಬೂಟಿನ ದಾರ ಕಟ್ಟುತ್ತ. "ನಿಮಗ ಗೊತ್ತಿಲ್ಲೇನು?"

ಶಶಿಕಾಂತನಿಗೆ ಕೆಡುಕೆನಿಸಿತು. ತಾನು ಹೋದರೂ ಅವನಿದ್ದಾನೆ ಎಂಬ ಧೈರ್ಯದ ಮೇಲೇ ಅವನು ಹಾವೇರಿಗೆ ಹೋಗಿದ್ದ. ಮ್ಯಾಚು ಶುರುವಾಗುವುದನ್ನೂ ಕಾಯದೆ ಸಲಾವುದ್ದೀನನ ಮನೆಗೆ ನಡೆದ.

ಅವನ ಹೆಂಡತಿ ಬಿಸ್ಮಿಲ್ಲಾಬಿ ಬಾಗಿಲು ತೆಗೆದಳು. "ಬರ್ರಿ, ಒಳಗ ಅದಾರ. ರವಿವಾರ ಬಂತಂದ್ರ ಹಿಂಗ ಮಕ್ಕೊಂಡಿರ್ತಾರ."

ಸಲಾವುದ್ದೀನ ಎದ್ದು ಕುಂತ.

"ಮೈಯಾಗ ಆರಾಮ ಇಲ್ಲೇನ?"

"ಮೈ ಆರಾಮ ಐತಿ. ಬ್ಯಾಸರ ಆಗೇತಿ."

"ನಾ ಬಿಟ್ಟು ಹೋದೆ, ನೀ ಉಳದಿ ಅಂದ್ಕೊಂಡಿದ್ದೆ. ಊರ ಮಂದಿಯೂ ನಿನಗ ಖರೇ ಅಭಿಮಾನಿ ಅಂತಾರ."

"ಯಾವ ಅಭಿಮಾನಿ ತಗೋ." ಸಲಾವುದ್ದೀನ ಗೋಡೆಗೆ ಆತುಕೊಂಡ. "ನೀ ಹೋದ ಮ್ಯಾಲ ಒಬ್ಬನ ನಿಂತೆ. ಗೋಲು ಬಿತ್ತು, ಬೈದೆ. ಬೈದದ್ದು ಕೇಳಾಕ ಬಾಜೂಕ ಯಾರೂ ಇಲ್ಲ. ಹುಚ್ಚ ಹಿಡದವನಂಗ ಅನಸ್ತು. ಬಿಟ್ಟೆ." ಹೊದಿಕೆ ಪಕ್ಕಕ್ಕೆ ಸರಿಸುತ್ತ ಅಂದ, "ಫೈನಲ್‌ಗೆ ನಾನೂ ಹಾವೇರಿಗೆ ಬಂದಿದ್ದೆ. ನಿನಗ ಶಾಲು ಹೊಚ್ಚಿದ್ದು ನೋಡೇನಿ."

"ಮತ್ತ ಯಾಕ ಮಾತಾಡಸಲಿಲ್ಲೋ?"

"ಏನ್ ಮಾತಾಡ್ಲಿ? ಎಲ್ಲಾರೂ ಕುಣ್ಯಾಕತ್ತಿದ್ರು. ನನಗ ಯಾರು ಗೆದ್ರೂ ಅಷ್ಟ, ಸೋತ್ರೂ ಅಷ್ಟ ಅನ್ನಸಾಕತ್ತಿತ್ತು. ಗೇಟಿನಿಂದ ಹೊಳ್ಳಿ ಬಂದೆ."

ಶಶಿಕಾಂತ ತನಗೂ ಹಾಗೇ ಅನ್ನಿಸಿತ್ತೆಂದು ಹೇಳಬೇಕೆಂದುಕೊಂಡ, ಹೇಳುವ ಅಗತ್ಯ ಕಾಣಲಿಲ್ಲ.

ಬಿಸ್ಮಿಲ್ಲಾಬಿ ಚಹಾ ತಂದಿಟ್ಟಳು. "ಕುಡದು ಇಬ್ಬರೂ ಹೊರಗ ನಡೀರಿ. ಇವರು ಮನ್ಯಾಗಿದ್ದು ನನ್ನ ತಲಿ ತಿಂದಿಟ್ಟಾರ."

ಅವರು ಮೈದಾನ ಮುಟ್ಟುವಷ್ಟರಲ್ಲಿ ಅರ್ಧ ಆಟ ಮುಗಿದು ಬ್ರದರ್ಸ್ ಮೂರು ಗೋಲು ತಿಂದಿತ್ತು. ಇಬ್ಬರೂ ತಮ್ಮ ಜಾಗದಲ್ಲಿ ನಿಂತರು. ಬಿಸಿಲಿಗೆ ಕಣ್ಣು ಕಿರಿದಾದವು, ಮೊಳಕಾಲು ನೋಯತೊಡಗಿದವು. ನಾಲ್ಕನೆಯ ಗೋಲೂ ಬಿತ್ತು, ಮೆಲ್ಲಗೆ ಉರುಳಿಕೊಂಡು, ಗೋಲ್‌ಕೀಪರನ ಕಾಲ ಸಂದಿಯಿಂದ.

"ಇವಂಗ ಕಣ್ಣು ಅದಾವೋ ಇಲ್ಲೋ?" ಎಂದ ಸಲಾವುದ್ದೀನ.

"ಅದಾವ. ಮುಚ್ಚಿಕೊಂಡು ಆಡ್ತಾನ," ಎಂದ ಶಶಿಕಾಂತ.

ಇಬ್ಬರಿಗೂ ನಗು ಬರಲಿಲ್ಲ. ಆದರೆ ಬೈಗುಳ ಸರಾಗವಾಗಿ ಮುಂದುವರಿಯಿತು. ರೆಫರಿಯಿಂದ ಹಿಡಿದು ಅಂಜಿನಪ್ಪನವರೆಗೆ ಯಾರನ್ನೂ ಬಿಡಲಿಲ್ಲ.

ಆಟ ಮುಗಿದ ಮೇಲೆ ಅಂಜಿನಪ್ಪ ಧೂಳು ಕೊಡವುತ್ತ ಹತ್ತಿರ ಬಂದ. ಇವರಿಬ್ಬರನ್ನೂ ಒಟ್ಟಿಗೆ ಕಂಡು, "ಬರೂ ರವಿವಾರ ರಾಣೆಬೆನ್ನೂರಾಗ ಐತ್ರಿ. ಅವರು ಭಾಳ ಗಟ್ಟಿ ಅದಾರ. ಗೆಲ್ಲೂದಂತೂ ಸುಳ್ಳು," ಎಂದ.

ಸಲಾವುದ್ದೀನ ಶಶಿಕಾಂತನ ಮುಖ ನೋಡಿದ. ಶಶಿಕಾಂತ ಮೊಳಕಾಲು ತಿಕ್ಕಿಕೊಳ್ಳುತ್ತ ಕೇಳಿದ:

"ಟೆಂಪೋ ಎಷ್ಟೊತ್ತಿಗೆ ಬಿಡತೈತಿ?"