ಹಳೆಯದನ್ನು ಕಿತ್ತ ಮೇಲೆ

ನಮ್ಮ ಅತ್ತೆ ಮೂವತ್ತೆರಡು ವರ್ಷ ಬಸ್ ನಿಲ್ದಾಣದ ಕಚೇರಿಯಲ್ಲಿ ವೇಳಾಪಟ್ಟಿ ಬರೆದವರು. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಯಾವುದು ಯಾವುದಕ್ಕೆ ದಾರಿ ಬಿಡಬೇಕು, ಚಾಲಕ ಎಲ್ಲಿ ಇಳಿದು ಚಹಾ ಕುಡಿಯಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಬರೆದ ಪಟ್ಟಿಯನ್ನು ನಿಲ್ದಾಣಗಳ ಫಲಕಕ್ಕೆ ಅಂಟಿಸುವ ಕೆಲಸವನ್ನೂ ಅವರು ಬೇರೆಯವರಿಗೆ ಬಿಟ್ಟವರಲ್ಲ. ಗೋಂದು ಬಳಿದ ಕಾಗದವನ್ನು ಒತ್ತಿ, ನಡುವಿನ ಮೂರು ಬೆರಳು ಜೋಡಿಸಿ ಎಡದಿಂದ ಬಲಕ್ಕೆ ಒಮ್ಮೆ ಸವರಿದರೆ ಒಳಗೆ ಒಂದು ಗುಳ್ಳೆಯೂ ಉಳಿಯುತ್ತಿರಲಿಲ್ಲವಂತೆ. ನಿವೃತ್ತರಾಗಿ ನಾಲ್ಕು ವರ್ಷವಾದರೂ ಆ ಸವರುವಿಕೆ ಬಿಟ್ಟಿಲ್ಲ. ಮೇಜಿನ ಹೊದಿಕೆ, ನನ್ನ ಮಗಳ ನೋಟ್‌ಬುಕ್ಕಿನ ಮುದುರಿದ ಮೂಲೆ, ಕೆಲಸಕ್ಕೆ ಹೊರಟ ನನ್ನ ಅಂಗಿಯ ತೋಳಿನ ಸುಕ್ಕು, ಯಾವುದು ಸಿಕ್ಕರೂ ಮೂರು ಬೆರಳಲ್ಲಿ ಒಂದು ಸಲ ಸವರದೆ ಬಿಡುವುದಿಲ್ಲ.

ಈಗ ಆ ಮೂರು ಬೆರಳೇ ಅವರಿಗೆ ಉಳಿದಿರುವುದು. ಸಂಧಿವಾತದಿಂದ ಎರಡೂ ಕೈಯ ಗೆಣ್ಣುಗಳು ಊದಿಕೊಂಡಿವೆ. ಬೆರಳುಗಳು ಒಂದೊಂದಾಗಿ ಹೇಳಿದ ಮಾತು ಕೇಳುವುದಿಲ್ಲ. ಎದ್ದರೆ ಒಟ್ಟಿಗೆ ಏಳುತ್ತವೆ, ಸರಿದರೆ ಒಟ್ಟಿಗೆ ಸರಿಯುತ್ತವೆ. ಲೋಟವನ್ನು ಎರಡು ಅಂಗೈ ನಡುವೆ ಹಿಡಿದು ಕುಡಿಯುತ್ತಾರೆ. ಯಾರಾದರೂ ನೋಡಿದರೆ, "ಬಿಸಿ ಇದೆ, ಅದಕ್ಕೆ" ಎನ್ನುತ್ತಾರೆ. ತಣ್ಣೀರಿಗೂ ಅದೇ ಉತ್ತರ.

ಇಂಥ ಹೊತ್ತಿನಲ್ಲಿ ಒಂದು ಸೋಮವಾರ ನಿಲ್ದಾಣದ ಈಗಿನ ಮೇಲ್ವಿಚಾರಕ ಮನೆಗೆ ಬಂದ. ಅತ್ತೆಯ ಕೈಕೆಳಗೆ ಕೆಲಸ ಕಲಿತವನು. ಶಾಲೆಗಳ ಸಮಯ ಬದಲಾಗಿದೆ, ಊರಿನ ಇಡೀ ಪಟ್ಟಿ ಹೊಸದಾಗಿ ಆಗಬೇಕು, ಕಚೇರಿಯಲ್ಲಿ ಮಾಡಿದ್ದು ಎಲ್ಲ ಕಡೆ ಢಿಕ್ಕಿ ಹೊಡೆಯುತ್ತಿದೆ ಎಂದು ಹೇಳಿಕೊಂಡ. ಈಗ ಪಟ್ಟಿಯನ್ನು ಕಾಗದದ ಮೇಲೆ ಬರೆಯುವುದಿಲ್ಲ; ಕಂಪ್ಯೂಟರಿನಲ್ಲಿ ಒಂದೊಂದು ಬಸ್ಸಿಗೆ ಒಂದೊಂದು ಬಣ್ಣದ ಪಟ್ಟೆ, ಅದನ್ನು ಎಳೆದು ಬೇಕಾದ ಸಮಯಕ್ಕೆ ಕೂಡಿಸಬೇಕು. ಮುಂದಿನ ಸೋಮವಾರದೊಳಗೆ ಮುಗಿಸಿಕೊಟ್ಟರೆ ಇನ್ನು ಮೇಲೆ ಪ್ರತಿ ಸಲವೂ ಈ ಕೆಲಸ ಮನೆಯಲ್ಲೇ ಕೂತು ಅವರೇ ಮಾಡಬಹುದು. ಆಗದಿದ್ದರೆ ಹೊರಗಿನವರಿಗೆ ಹೋಗುತ್ತದೆ. ಅವನು ಅತ್ತೆಯ ಕೈಗಳನ್ನು ನೋಡಿದ್ದು ನನಗೆ ಕಂಡಿತು. ಅತ್ತೆ ಕೈಗಳನ್ನು ಮಡಿಲಿಗೆಳೆದುಕೊಂಡು, "ಸೋಮವಾರ ಯಾಕೆ, ಭಾನುವಾರವೇ ಮುಗಿಯುತ್ತೆ" ಎಂದರು.

ಮನೆಯಲ್ಲಿದ್ದದ್ದು ನನ್ನ ಲ್ಯಾಪ್‌ಟಾಪು. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ. ಅಂಗಡಿಯವರು ಹೊಸದು ತಂದಾಗ ಹಳೆಯದು ನನ್ನ ಪಾಲಿಗೆ ಬಂತು. ಅದಕ್ಕೆ ಒಂಬತ್ತು ವರ್ಷ, ನನ್ನ ಮಗಳಷ್ಟೇ ವಯಸ್ಸು. ಅದರಲ್ಲಿ ಪಟ್ಟೆ ಎಳೆಯಬೇಕಾದರೆ ಒಂದು ಬೆರಳಲ್ಲಿ ಟಚ್‌ಪ್ಯಾಡ್ ಒತ್ತಿ ಹಿಡಿದು ಇನ್ನೊಂದರಲ್ಲಿ ಜರುಗಿಸಬೇಕು. ಅತ್ತೆಯ ಕೈಗೆ ಅದು ಆಗದ ಮಾತು. ಮೌಸು ಹಿಡಿತಕ್ಕೇ ಸಿಗಲಿಲ್ಲ. ಹಾಗಾಗಿ ಮಂಗಳವಾರದಿಂದ ಮೂರು ಸಂಜೆ ನಾನೇ ಅವರ ಕೈಯಾದೆ.

ಎಂಟು ಗಂಟೆ ಗಾಜು ಉಜ್ಜಿ ಬಂದ ಕಣ್ಣಿಗೆ ಎಲ್ಲ ಪಟ್ಟೆಯೂ ಒಂದೇ ಬಣ್ಣ. ಅವರು ಪಕ್ಕದಲ್ಲಿ ಕೂತು, ಹನ್ನೊಂದನ್ನು ಸ್ವಲ್ಪ ಮುಂದೆ ಹಾಕು, ಹದಿನಾರನ್ನು ಹಿಂದೆ ಬಿಡು ಎನ್ನುವರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದರೆ, ಸ್ವಲ್ಪ ಎಂದರೆ ಸ್ವಲ್ಪ. ನಾನು ಎಳೆಯುವೆ, ಅವರು ನಿಟ್ಟುಸಿರು ಬಿಡುವರು. ಅನ್ನುವುದನ್ನೆಲ್ಲ ಆ ಉಸಿರೇ ಅನ್ನುತ್ತಿತ್ತು.

ಶುಕ್ರವಾರ ಸಂಜೆ ಮೊದಲಿನಿಂದ ಓದಿ ನೋಡಿದಾಗ ಗುಟ್ಟು ರಟ್ಟಾಯಿತು. ನಮ್ಮಂಗಡಿಯಲ್ಲಿ "ಮುಂದೆ ಹಾಕು" ಎಂದರೆ ಆಮೇಲೆ ಮಾಡು ಎಂದರ್ಥ. ಹತ್ತರ ಗಿರಾಕಿಯನ್ನು ಮುಂದೆ ಹಾಕಿದರೆ ಅವನು ಹನ್ನೊಂದಕ್ಕೆ ಬರುತ್ತಾನೆ. ಬಸ್ಸಿನವರಿಗೆ ಮುಂದಿರುವ ಬಸ್ಸೆಂದರೆ ಮೊದಲು ಹೊರಟದ್ದು. ಅತ್ತೆ ಬೇಗ ಹೊರಡಿಸಲು ಹೇಳಿದ ಬಸ್ಸುಗಳನ್ನೆಲ್ಲ ನಾನು ತಡ ಮಾಡಿದ್ದೆ. ಸಮಯವನ್ನು ಅಂಕಿಯಲ್ಲಿ ಹೇಳಿಸಿಕೊಳ್ಳಬೇಕೆಂದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಹತ್ತೊಂಬತ್ತು ಬಸ್ಸುಗಳು ಒಂದೇ ಸೇತುವೆಯ ಮೇಲೆ ಒಂದೇ ಗಳಿಗೆಗೆ ಬಂದು ನಿಂತಿದ್ದವು.

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ನಿನ್ನ ತಪ್ಪಲ್ಲಮ್ಮ. ಕೈಯಲ್ಲಿ ಹಿಡಿದ್ರೆ ನನಗೆ ಸಮಯ ತಿಳಿಯುತ್ತೆ. ಬಾಯಲ್ಲಿ ಹೇಳೋಕೆ ಹೋದ್ರೆ ಎಲ್ಲ ಚೆಲ್ಲಿ ಹೋಗುತ್ತೆ" ಎಂದರು. ಆಮೇಲೆ, ಮೇಲ್ವಿಚಾರಕನಿಗೆ ಫೋನು ಹಚ್ಚಿಕೊಡು, ಆಗಲ್ಲ ಅಂತ ಹೇಳಿಬಿಡ್ತೀನಿ ಎಂದರು. ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಅಲ್ಲೇ ನೆಲದ ಮೇಲೆ ಲೆಕ್ಕ ಬಿಡಿಸುತ್ತಿದ್ದ ನನ್ನ ಮಗಳು ತಲೆಯೆತ್ತದೆ ಹೇಳಿದಳು: "ಅಜ್ಜಿ, ನಮ್ಮ ಸ್ಕೂಲ್ ಲ್ಯಾಪ್‌ಟಾಪಲ್ಲಿ ಮೂರು ಬೆರಳಿಟ್ಟು ಸುಮ್ನೆ ಎಳೆದ್ರೆ ಸಾಕು. ಒತ್ತೋದೇ ಬೇಡ. ನೀನು ಯಾವಾಗ್ಲೂ ಮಾಡ್ತೀಯಲ್ಲ, ಹಾಗೆ."

ಸೆಟ್ಟಿಂಗ್ಸ್ ತೆರೆದು ಹುಡುಕಿದೆವು. ಇತ್ತು. ಮೂರು ಬೆರಳಿನ ಎಳೆತ ಎಂಬ ಸಾಲು ಮಬ್ಬಾಗಿತ್ತು, ಒತ್ತಿದರೆ ಅಲುಗಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, "ಈ ಸಾಧನಕ್ಕೆ ಬೆಂಬಲವಿಲ್ಲ."

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. "ನಾನೂ ಇದೂ ಒಳ್ಳೇ ಜೋಡಿ ಬಿಡು" ಎಂದರು. ಆದರೆ ಫೋನಿನ ಮಾತು ಮತ್ತೆ ಎತ್ತಲಿಲ್ಲ.

ಶನಿವಾರ ನನಗೆ ಅರ್ಧ ದಿನ. ಅಂಗಡಿಯಿಂದ ನೇರವಾಗಿ ನಮ್ಮ ಬೀದಿ ಕೊನೆಯ ರಿಪೇರಿಯವನ ಹತ್ತಿರ ಹೋದೆ. ಸತ್ತ ಯಂತ್ರಕ್ಕೂ ಇನ್ನೆರಡು ದಿನ ನೋಡೋಣ ಎನ್ನುವವನಾದ್ದರಿಂದ ಎಲ್ಲರೂ ಅವನನ್ನು ಡಾಕ್ಟರು ಎಂದೇ ಕರೆಯುವುದು. ಲ್ಯಾಪ್‌ಟಾಪನ್ನು ತಿರುಗಿಸಿ ಮಾದರಿಯ ಸಂಖ್ಯೆ ಓದಿ ನಕ್ಕ.

"ಪ್ಯಾಡಿಗೆ ಬೆರಳು ಎಣಿಸೋಕೆ ಬರುತ್ತೆ ಅಕ್ಕ. ಎಣಿಸಬೇಡ ಅಂತ ಹೇಳಿಟ್ಟಿದ್ದಾರೆ, ಅಷ್ಟೆ."

ಇದರ ಮರುವರ್ಷದ ಮಾದರಿಯಲ್ಲೂ ಇದೇ ಪ್ಯಾಡಂತೆ. ಯಂತ್ರದೊಳಗೆ ಒಂದು ಕಡತವಿದೆ, ಅದರಲ್ಲಿ ಪ್ರತಿ ಮಾದರಿಯ ಹೆಸರು, ಹೆಸರಿನ ಎದುರು ಎಷ್ಟು ಬೆರಳಿನ ಸನ್ನೆಗೆ ಅಪ್ಪಣೆ ಎಂಬ ಅಂಕಿ. ನಮ್ಮದರ ಎದುರು ಎರಡು ಇದೆ. ಮೂರು ಮಾಡಬೇಕು. ಮಾಡಿಕೊಡು ಎಂದರೆ ಡಾಕ್ಟರು ಕೈ ಹಿಂದಕ್ಕೆಳೆದ. ಒಂದು ಚುಕ್ಕೆ ತಪ್ಪಿದರೂ ಯಂತ್ರ ಏಳುವುದೇ ಇಲ್ಲ, ಹಿಂದೊಮ್ಮೆ ಯಾರಿಗೋ ಮಾಡಿಕೊಟ್ಟು ಆರು ತಿಂಗಳು ಬೈಸಿಕೊಂಡಿದ್ದನಂತೆ. ಕಡತ ಎಲ್ಲಿದೆ ಎಂದು ಮಾತ್ರ ಚೀಟಿಯಲ್ಲಿ ಬರೆದುಕೊಟ್ಟ. ಮೊದಲು ಹಳೆಯದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಮೂರು ಸಲ ಹೇಳಿದ.

ಗಾಜಿನ ಕೆಲಸ ನನಗೆ ಕಲಿಸಿದ್ದು ಅದನ್ನೇ. ಗಿರಾಕಿಯ ಕಣ್ಣಿನ ಚೀಟಿಯಲ್ಲಿನ ಅಂಕಿ ಒಂದು ಅತ್ತಿತ್ತ ಆದರೆ ಯಾರೋ ಮೆಟ್ಟಿಲು ಇಳಿಯುವಾಗ ಮುಗ್ಗರಿಸುತ್ತಾರೆ. ಮನೆಗೆ ಬಂದು ಕೈ ತೊಳೆದು ಕೂತೆ. ಮಾಡಿದಷ್ಟು ವೇಳಾಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿದೆ. ಕಡತವನ್ನು ಹುಡುಕಿ ಅದರ ಪ್ರತಿ ತೆಗೆದೆ, ಪ್ರತಿಯ ಹೆಸರಿನ ಕೊನೆಗೆ "ಹಳೆಯದು" ಎಂದು ಸೇರಿಸಿ ಅದರ ಪಕ್ಕದಲ್ಲೇ ಇಟ್ಟೆ. ಕಣ್ಣ ಮುಂದೆಯೇ ಇರಲಿ ಎಂದು. ಆಮೇಲೆ ನಮ್ಮ ಮಾದರಿಯ ಸಾಲಿಗೆ ಹೋಗಿ ಎರಡನ್ನು ಅಳಿಸಿ ಮೂರು ಬರೆದೆ. ಯಂತ್ರ ಗುಪ್ತಪದ ಕೇಳಿತು, ಕೊಟ್ಟೆ. ಆರಿಸಿ ಹಚ್ಚಿದೆ.

ಅದು ಏಳುವವರೆಗೆ ಮೂವರೂ ಪರದೆಯನ್ನೇ ನೋಡುತ್ತಾ ಕೂತಿದ್ದೆವು. ಎದ್ದಿತು. ಅತ್ತೆ ಮೂರು ಬೆರಳಿಟ್ಟು ಎಳೆದರು. ಪಟ್ಟೆ ಇದ್ದಲ್ಲೇ ಇತ್ತು.

ಸಾಲನ್ನು ಮತ್ತೆ ನೋಡಿದೆ. ಮೂರು ಎಂದೇ ಇತ್ತು. ಮತ್ತೆ ಆರಿಸಿ ಹಚ್ಚಿದೆ. ಎರಡನೆಯ ಸಲ, ಮೂರನೆಯ ಸಲ. ಸಣ್ಣಕ್ಷರದ ಸಾಲು ಹಾಗೇ ಕೂತಿತ್ತು, ಬೆಂಬಲವಿಲ್ಲ. ಡಾಕ್ಟರಿಗೆ ಫೋನು ಮಾಡಿದರೆ ಎತ್ತಲಿಲ್ಲ. ನನ್ನ ಕುತ್ತಿಗೆ ಹಿಡಿದುಕೊಂಡಿತ್ತು, ಮಗಳಿಗೆ ಹಸಿವಾಗಿತ್ತು, ಸಿಂಕಿನಲ್ಲಿ ಬೆಳಗಿನ ಪಾತ್ರೆ ಇನ್ನೂ ಬಿದ್ದಿತ್ತು. ನನ್ನ ಕೈಲಿ ಇಷ್ಟೇ ಅತ್ತೆ ಎನ್ನಲು ಬಾಯಿ ತೆರೆದಿದ್ದೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಪರದೆಯ ಮೇಲಿನ ಎರಡು ಹೆಸರುಗಳನ್ನು ನೋಡುತ್ತಿದ್ದರು, ಒಂದರ ಕೆಳಗೆ ಒಂದು.

"ಇದೇನು, ಹಳೇದು ಇಲ್ಲೇ ಇದೆ?"

ಬೇಕಾಗಬಹುದು ಅಂತ ಇಟ್ಟಿದ್ದು ಎಂದೆ.

"ಇಡು, ಬೇಡ ಅನ್ನಲ್ಲ. ಅದೇ ಫಲಕದ ಮೇಲೆ ಯಾಕಿಟ್ಟೆ?"

ನನಗೆ ಅರ್ಥವಾಗಲಿಲ್ಲ. ಅವರು ಹೇಳುತ್ತಾ ಹೋದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಿಲ್ದಾಣದಲ್ಲಿ ಹಳೆಯ ಪಟ್ಟಿ ಕೀಳದೆ ಅದರ ಮೇಲ್ಗಡೆಯ ಖಾಲಿ ಜಾಗದಲ್ಲಿ ಹೊಸದನ್ನು ಅಂಟಿಸಿ ಬಂದಿದ್ದರು. ಜನ ಮೇಲಿನಿಂದ ಓದುತ್ತಾ ಬಂದು ಕೊನೆಯಲ್ಲಿ ಕಂಡದ್ದನ್ನೇ ನಂಬಿದರು. ಒಂದು ವಾರ ಆ ನಿಲ್ದಾಣದಲ್ಲಿ ಎಲ್ಲರೂ ಹೋದ ಬಸ್ಸಿಗೆ ಕಾದರು. ಅವತ್ತಿನಿಂದ ಕಚೇರಿಯಲ್ಲಿ ಅವರದೊಂದೇ ಕಾನೂನು: ಹಳೆಯದನ್ನು ಕಿತ್ತ ಮೇಲೆಯೇ ಹೊಸದು. ಕಿತ್ತದ್ದನ್ನು ಎಸೆಯಬೇಕಿಲ್ಲ, ಮಡಿಸಿ ಬೀರುವಿನಲ್ಲಿಡು.

"ನಿನ್ನ ಯಂತ್ರವೂ ಮೇಲಿಂದ ಓದ್ಕೊಂಡು ಬರ್ತಿದೆಯೋ ಏನೋ. ಕೊನೇಲಿ ನಿನ್ನ ಹಳೇದು ಸಿಗುತ್ತೆ, ಅಯ್ಯೋ ಎರಡೇ ಇರಬೇಕು ಅನ್ಕೊಳ್ಳುತ್ತೆ."

ಯಂತ್ರಕ್ಕೂ ಬಸ್ ನಿಲ್ದಾಣಕ್ಕೂ ಎಲ್ಲಿಯ ಸಂಬಂಧ ಎನ್ನಿಸಿತು. ಆದರೆ ನನ್ನ ಹತ್ತಿರ ಬೇರೆ ಉಪಾಯವೂ ಇರಲಿಲ್ಲ. ಹಳೆಯದನ್ನು ಅಲ್ಲಿಂದ ತೆಗೆದು ಪೆನ್‌ಡ್ರೈವಿಗೆ ಸಾಗಿಸಿದೆ. ಆರಿಸಿ ಹಚ್ಚಿದೆ.

ಮಬ್ಬಾಗಿದ್ದ ಸಾಲು ಕಪ್ಪಾಗಿತ್ತು.

ಅತ್ತೆ ಲ್ಯಾಪ್‌ಟಾಪನ್ನು ಅಂಗೈಗಳಿಂದ ತಮ್ಮತ್ತ ನೂಕಿಕೊಂಡರು. ಮೂರು ಬೆರಳು ಇಟ್ಟರು, ಎಡಕ್ಕೆ ಸವರಿದರು. ಹನ್ನೊಂದನೆಯ ಬಸ್ಸು ಸೇತುವೆಯಿಂದ ಹೊರಬಂತು. ಇನ್ನೊಂದು ಸವರಿಕೆ, ಹದಿನಾರು ಅದರ ಹಿಂದೆ ಜಾಗ ಹಿಡಿಯಿತು. ನಾನು ಪಾತ್ರೆ ತೊಳೆದು, ಮಗಳಿಗೆ ತಿನ್ನಲು ಕೊಟ್ಟು ಬರುವಷ್ಟರಲ್ಲಿ ಸೇತುವೆ ಖಾಲಿಯಾಗಿತ್ತು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಎಷ್ಟು ನಿಮಿಷ ಎಂದು ಬೆರಳು ಹೇಳಿದ್ದನ್ನು ಬಾಯಿ ಕೇಳಿಸಿಕೊಳ್ಳುತ್ತಿದ್ದಂತೆ.

ಡಾಕ್ಟರು ಸಂಜೆ ತಾನಾಗಿಯೇ ಫೋನು ಮಾಡಿದ. ಹೌದು, ಆ ಜಾಗದಲ್ಲಿರುವ ಎಲ್ಲ ಕಡತವನ್ನೂ ಅದು ಸಾಲಾಗಿ ಓದುತ್ತದೆ, ಕೊನೆಗೆ ಓದಿದ್ದೇ ಗೆಲ್ಲುತ್ತದೆ, ಹೇಳಲು ಮರೆತೆ ಎಂದ. ಯಾರು ಕಂಡುಹಿಡಿದದ್ದು ಎಂದು ಕೇಳಿದ. ನಮ್ಮತ್ತೆ ಎಂದೆ. ಅವರು ಎಲ್ಲಿ ಕಲಿತಿದ್ದು ಎಂದು ಕೇಳಿದ. ಬಸ್ ನಿಲ್ದಾಣದಲ್ಲಿ ಎಂದರೆ ತಮಾಷೆ ಎಂದುಕೊಂಡ.

ಭಾನುವಾರ ಮಧ್ಯಾಹ್ನ ಕೆಲಸ ಮುಗಿಯುತ್ತಾ ಬಂದಿತ್ತು. ನಾನು ಚಹಾ ತಂದಿಟ್ಟು, ಸ್ವಲ್ಪ ಬೆಣ್ಣೆ ಹಚ್ಚಿದ ದನಿಯಲ್ಲಿ, ಬೆಳಗಿನ ಏಳು ನಲವತ್ತರ ಬಸ್ಸನ್ನು ಐದು ನಿಮಿಷ ತಡ ಮಾಡಿದರೆ ಯಾರಿಗೆ ನಷ್ಟ ಎಂದು ಕೇಳಿದೆ. ಮಗಳ ಜಡೆ ಹಾಕಿ ಓಡುವಷ್ಟರಲ್ಲಿ ವಾರಕ್ಕೆರಡು ಸಲ ಅದು ನನ್ನ ಕಣ್ಣೆದುರೇ ಹೊರಟುಹೋಗುತ್ತದೆ.

"ಆ ಬಸ್ಸಲ್ಲಿ ಆಸ್ಪತ್ರೆಯ ಬೆಳಗಿನ ಪಾಳಿಯವರು ಹೋಗ್ತಾರೆ. ಸೊಸೆ ಅಂತ ಊರಿನ ಬಸ್ಸು ನಿಲ್ಲಿಸೋಕಾಗುತ್ತಾ?" ಎಂದರು. ಲೋಟವನ್ನು ಎರಡು ಅಂಗೈ ನಡುವೆ ಎತ್ತಿಕೊಂಡು, "ಜಡೆ ನಾನು ಹಾಕ್ತೀನಿ. ಮೂರು ಬೆರಳಲ್ಲಿ ಬರೋ ಅಷ್ಟು ಬರಲಿ, ಸೊಟ್ಟಗಿದ್ರೆ ಇರಲಿ" ಎಂದರು.

ಹೊಸ ಪಟ್ಟಿ ಎರಡು ವಾರದ ಮೇಲೆ ನಿಲ್ದಾಣಗಳಿಗೆ ಬಂತು. ಮೊದಲ ದಿನ ಅತ್ತೆಯೂ ನನ್ನ ಜೊತೆ ಹೊರಟರು, ಬೆಳಗಿನ ಗಾಳಿ ಕೀಲುಗಳಿಗೆ ಒಳ್ಳೆಯದು ಎಂದು ನೆಪ. ಸೊಟ್ಟ ಜಡೆಯ ಮಗಳು ನಮ್ಮಿಬ್ಬರ ನಡುವೆ. ಫಲಕದ ಹತ್ತಿರ ಹೋಗಿ ಅತ್ತೆ ಸಮಯಗಳನ್ನು ಓದಲಿಲ್ಲ. ಕಾಗದದ ಅಂಚಿಗೆ ಬಗ್ಗಿ ಕೆಳಗಿನಿಂದ ಇಣುಕಿ ನೋಡಿದರು.

"ಕಿತ್ತಿದ್ದಾನೆ" ಎಂದರು.

ನಡುವೆ, ಹದಿನಾರನೆಯ ಬಸ್ಸಿನ ಸಾಲಿನ ಮೇಲೆ, ಒಂದು ಗುಳ್ಳೆ ಉಳಿದಿತ್ತು. ಅವರು ಅದರ ಮೇಲೆ ಮೂರು ಬೆರಳಿಟ್ಟು ಅಂಚಿನತ್ತ ಸವರುತ್ತಿದ್ದಾಗ ನನ್ನ ಬಸ್ಸು ತಿರುವಿನಲ್ಲಿ ಕಂಡಿತು. ಏಳು ನಲವತ್ತಕ್ಕೆ ಸರಿಯಾಗಿ. ಅವತ್ತು ನಾನು ಓಡಲಿಲ್ಲ.